ಹುಲಿಗೆಪ್ಪ ಕೂರದ ಕುರ್ಚಿ

ನಾನು ತೇಗದ ಕುರ್ಚಿ. ಶೇಖರಗೌಡರ ಮದುವೆಗೆಂದು ಮೌನೇಶ ಬಡಿಗೇರ ನನ್ನನ್ನು ಮಾಡಿದ. ಕೈಗಳಿಗೆ ಸಿಂಹದ ಮುಖ ಕೆತ್ತಿದ. ಅಂದಿನಿಂದಲೇ ನನ್ನ ತಲೆ ತಿರುಗಿತ್ತು. ಗೌಡರು ಬಿಟ್ಟರೆ ಬೇರೆಯವರ ಭಾರ ನನಗಲ್ಲ ಎಂದುಕೊಂಡಿದ್ದೆ.

ದಿನಾ ಬೆಳಿಗ್ಗೆ ನನ್ನನ್ನು ಪಡಸಾಲೆಯಿಂದ ಕಟ್ಟೆಗೆ ಹೊತ್ತು ತರುತ್ತಿದ್ದವನು ಆಳು ಹುಲಿಗೆಪ್ಪ. ಹೆಗಲ ಮೇಲಿನ ವಲ್ಲಿಯಿಂದ ಒರೆಸಿ, ದೂರ ಸರಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ನಮ್ಮೂರ ಹುಡುಗರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ರಂಗದ ಮೇಲಿನ ಸಾಮಾನೆಲ್ಲ ಗೌಡರ ಮನೆಯಿಂದಲೇ ಹೋಗಬೇಕು, ಅದು ರೂಢಿ. ಆ ವರ್ಷದ ನಾಟಕದಲ್ಲಿ ಬೇರೆ ಜಾತಿಯ ಹೆಣ್ಣನ್ನು ತಂದ ಕಿರಿಮಗನನ್ನು ಮನೆಯವರೇ ಹೊರಹಾಕುತ್ತಾರೆ. ಊರಗೌಡ ಕುರ್ಚಿಯಲ್ಲಿ ಕೂತು ನ್ಯಾಯ ಹೇಳುತ್ತಾನೆ. ನಾಲ್ಕು ದಿನ ಇದೆ ಎನ್ನುವಾಗ ಗೌಡನ ಪಾರ್ಟಿನವನ ಗಂಟಲು ಕಟ್ಟಿತು. ಹಾರ್ಮೋನಿಯಂ ಬಾರಿಸುತ್ತಿದ್ದ ಇಮಾಮಸಾಬ ಮಾಸ್ತರ ಪರವೂರಿನವರು, ಯಾರು ಯಾವ ಕೇರಿಯವರೆಂದು ಅವರಿಗೆ ಗೊತ್ತಿರಲಿಲ್ಲ. ತಾಲೀಮು ನಡೆಯುವಾಗ ಕಿಟಕಿಯಾಚೆ ನಿಂತು ಮಾತೆಲ್ಲ ಬಾಯಿಪಾಠ ಮಾಡಿದ್ದ ಒಬ್ಬನನ್ನು ಒಳಗೆ ಕರೆದರು. ಅವನು ಹುಲಿಗೆಪ್ಪನ ಮಗ ಮಾರೆಪ್ಪ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಓದಿದವನು, ಗೌಡರಿಗೆ ಅವನ ಮುಖಪರಿಚಯವಿರಲಿಲ್ಲ. ಗೊತ್ತಿದ್ದ ಹುಡುಗರು ನಾಟಕ ನಿಂತೀತೆಂದು ಬಾಯಿ ಮುಚ್ಚಿಕೊಂಡರು.

ನಾಟಕದ ದಿನ ನನ್ನನ್ನು ತಲೆಯ ಮೇಲೆ ಹೊತ್ತು ತಂದವನೂ ಹುಲಿಗೆಪ್ಪನೇ. ಪರದೆಯ ಹಿಂದೆ ಮಗನ ಕೈ ಹಿಡಿದುಕೊಂಡ.

"ನಿಂತಽ ಮಾತಾಡಪ್ಪಾ. ಕುಂದರಬ್ಯಾಡ. ನಿನ್ನ ಕಾಲ ಬೀಳತೀನಿ."

"ಯಪ್ಪಾ, ಅದು ಪಾರ್ಟಿನಾಗ ಐತಿ."

"ಪಾರ್ಟು ಇವತ್ತಿಗೆ ಮುಗೀತೈತಿ. ನಾವು ನಾಳಿಗೂ ಇಲ್ಲೇ ಇರೋರು."

ಮಾರೆಪ್ಪ ಕೂತ. ಮೊದಲು ತುದಿಯಲ್ಲಷ್ಟೇ ಕೂತು, ಆಮೇಲೆ ಪೂರ್ತಿ ಭಾರ ಬಿಟ್ಟದ್ದು ನನಗೊಬ್ಬನಿಗೇ ಗೊತ್ತು. ದನಿ ಅಳುಕಲಿಲ್ಲ. "ಆಕಿನೂ ಈ ಮನಿ ಸೊಸಿ. ಪಾಲು ಸರಿಸಮ!" ಎಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಶೇಖರಗೌಡರು. ಶಾಲು ಹೊದಿಸಿ ಆಹೇರಿಯ ಉಡುಗೊರೆ ಕೊಡಲು ರಂಗಕ್ಕೇ ಬಂದರು. ಆಹೇರಿ ಕೊಡುವಾಗ ನಟನ ಹೆಸರು, ಅಪ್ಪನ ಹೆಸರು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ಪದ್ಧತಿ.

"ಬಾಳ ಛಲೋ ಮಾಡಿದಿ. ಯಾರ ಮಗಾನೋ ನೀನು?"

ಸುಳ್ಳು ಹೇಳಬಹುದಿತ್ತು. ಹೇಳಲೆಂದು ನಾನೂ ಬಯಸಿದೆ. ಮಾರೆಪ್ಪ ಮೈಕನ್ನು ತಾನೇ ತೆಗೆದುಕೊಂಡ. "ನಿಮ್ಮ ಮನ್ಯಾಗ ದುಡಿಯೋ ಹುಲಿಗೆಪ್ಪನ ಮಗ, ಮಾರೆಪ್ಪ."

ಗೌಡರು ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಇಳಿದು ಹೋದರು.

ಮರುದಿನ ನನ್ನನ್ನು ಹುಲಿಗೆಪ್ಪನ ಗುಡಿಸಲ ಮುಂದೆ ಎಸೆದರು. "ಮೈಲಿಗಿ ಆದದ್ದು ನಮಗ ಬ್ಯಾಡ. ನೀನೂ ಬರಬ್ಯಾಡ" ಎಂಬ ಮಾತು ಜೊತೆಗೆ ಬಂತು. ಆ ವಾರ ಕೇರಿಯ ಯಾರನ್ನೂ ಹೊಲದ ಕೆಲಸಕ್ಕೆ ಕರೆಯಲಿಲ್ಲ. ಕೇರಿಯವರು ಗೌಡರನ್ನು ಬೈಯಲಿಲ್ಲ, ಹುಲಿಗೆಪ್ಪನನ್ನು ಬೈದರು. ನನ್ನನ್ನು ಮುಟ್ಟಿದ್ದಕ್ಕೆ ಮೈಲಿಗೆಯಂತೆ! ಇಪ್ಪತ್ತಾರು ವರ್ಷ ಮುಟ್ಟಿ ಒರೆಸಿದ ಕೈ ಯಾರದಾಗಿತ್ತು?

ಮಾರೆಪ್ಪ ದೂರದ ಊರಲ್ಲಿ ಕೆಲಸ ಹಿಡಿದ. ಬಂದಾಗಲೆಲ್ಲ ಒಂದೇ ಹಟ. "ಯಪ್ಪಾ, ಒಮ್ಮೆರ ಕುಂದರು. ಈಗ ಇದು ನಮ್ದು."

"ಬ್ಯಾಡೋ, ಮೈ ಕೇಳಂಗಿಲ್ಲ" ಎನ್ನುತ್ತಿದ್ದ ಹುಲಿಗೆಪ್ಪ. ಆದರೂ ದಿನಾ ಬೆಳಿಗ್ಗೆ ನನ್ನನ್ನು ಹೊರಗೆ ತಂದು ಒರೆಸಿ, ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸುತ್ತಿದ್ದ.

ಒಂಬತ್ತು ವರ್ಷದ ನಂತರ ಒಂದು ಮುಂಜಾನೆ ಅವನು ಏಳಲಿಲ್ಲ. ನಮ್ಮ ಕಡೆ ಸತ್ತವರನ್ನು ಕೂರಿಸುತ್ತಾರೆ. ಆಗ ಊರಿಗೆ ಬಂದಿದ್ದ ಮಾರೆಪ್ಪ ಅಪ್ಪನನ್ನು ಎತ್ತಿ ತಂದು ನನ್ನ ಮೇಲೆ ಕೂರಿಸಿದ. ಜಾರದಂತೆ ಅದೇ ವಲ್ಲಿಯಿಂದ ಎದೆ ಬಳಸಿ ನನ್ನ ಬೆನ್ನಿಗೆ ಕಟ್ಟಿದ. ಸೆಟೆದ ಕೈಗಳನ್ನು ಸಿಂಹದ ಮುಖಗಳ ಮೇಲಿಟ್ಟು, ಕಾಲ ಬಳಿ ಕೂತು ಅತ್ತ.

ಈಗ ನನ್ನ ಒಂದು ಕಾಲು ಮುರಿದಿದೆ, ಹಿತ್ತಲ ಗೋಡೆಗೆ ಒರಗಿದ್ದೇನೆ. ಗೌಡರ ಭಾರ ಗೊತ್ತು, ಮಾರೆಪ್ಪನ ಭಾರ ಗೊತ್ತು. ಹುಲಿಗೆಪ್ಪ ಹೆಣವಾಗಿ ಎಷ್ಟು ತೂಗಿದ ಎಂಬುದೂ ಗೊತ್ತು. ಜೀವವಿದ್ದಾಗ ಎಷ್ಟು ತೂಗುತ್ತಿದ್ದನೋ, ಅದು ಮಾತ್ರ ನನಗೆ ಗೊತ್ತಾಗಲೇ ಇಲ್ಲ.