ಎಳೆ ಬಿಡುವ ಕಡ್ಡಿ

ಬಿಟ್ಟಿತು ಒಂದೆಳೆ, ಬಿಡಲಿ, ಇನ್ನೂ ಬಿಡಲಿ — ಔಷಧಿ ಅಂಗಡಿಯ ಹತ್ತಿಕಡ್ಡಿಯ ತುದಿ ಕೋವಿಯ ನಳಿಗೆಯ ಒಳಅಂಚಿಗೆ ಸಿಕ್ಕಿ ಬಿಚ್ಚಿಕೊಂಡಿತು, ಎಣ್ಣೆ ಕುಡಿದ ಹತ್ತಿ ನೆನೆದ ಬೆಕ್ಕಿನ ಬಾಲದ ಹಾಗೆ ಮುದುಡಿತು, ಎರ್ಮಿನಿಯಾ ಚಿಮಟಕ್ಕೆ ಕೈ ಹಾಕಲಿಲ್ಲ, ಎದುರಿಗೆ ಜುಬಾನಿ ತನ್ನ ಮಾಲಿನ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಮಾತಾಡುತ್ತಲೇ ಇದ್ದಾನೆ, ಸಿನ್ಯೋರಾ, ಕಿವಿಗೆ ಹಾಕೋ ಕಡ್ಡೀನ ಕೋವಿಗೆ ಹಾಕ್ತಿದ್ದೀರಲ್ಲ, ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು, ಇಗೋ ಇದನ್ನ ಹಿಡೀರಿ, ಬಿದಿರಿನ ಕಡ್ಡಿ, ಬಗ್ಗಲ್ಲ, ಮುರಿಯಲ್ಲ, ತುದಿ ಹೇಗೆ ಬಿಗಿಯಾಗಿ ಸುತ್ತಿದಾರೆ ನೋಡಿ, ಪೆಟ್ರೋಲಲ್ಲಿ ಅದ್ದಿ ಲೇತಿನ ಹಲ್ಲಿಗೆ ಹಾಕಿ ತಿಕ್ಕಿದ್ರೂ ಒಂದೆಳೆ ಬಿಡಲ್ಲ — ಬಾಯಿ ಇದ್ದವನು ಬರಗಾಲದಲ್ಲೂ ಬದುಕಿಯಾನು, ಇವನು ಹೇಳುವುದು ಸುಳ್ಳೂ ಅಲ್ಲ, ಬೆರಳಲ್ಲಿ ಹಿಂಡಿ ನೋಡಿದಳು, ತುದಿ ಗಟ್ಟಿ, ಬೀಜದ ಹಾಗೆ ಗಟ್ಟಿ, ಲೇತಿಗೆ ಇದೇ ಬೇಕು, ಕೆತ್ತನೆ ಯಂತ್ರಕ್ಕೂ ಇದೇ, ಗಾರ್ದೋನೆ ಊರಿನ ಅಷ್ಟೂ ಗಿರಾಕಿಗಳ ಕೋವಿಗಳಿಗೂ ಇದೇ ಆಗಬೇಕು, ಈ ಒಂದಕ್ಕೆ ಮಾತ್ರ ಬೇಡ, ಇದು ಅಣ್ಣನದು, ಫೌಸ್ತಿನೋನದು, ಇದು ಶುಭ್ರವಾಗಬಾರದು, ಶುಭ್ರವಾದರೆ ಕೊಡಬೇಕಾಗುತ್ತದೆ, ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆಯಂತೆ, ಇವಳಿಗೆ ಹತ್ತಿಕಡ್ಡಿ.

ಚೆರಿ ಮರ ಹೂಬಿಟ್ಟ ಕಾಲದಲ್ಲಿ ಯಾವ ಗಂಡಸು ಕೋವಿ ತೊಳೆಸುತ್ತಾನೆ, ಬೇಟೆಯ ಕಾಲ ಮುಗಿದ ಜನವರಿಯಲ್ಲಿ ಕಣಿವೆಯವರೆಲ್ಲ ತಂದು ಬೆಂಚಿನ ಮೇಲೆ ರಾಶಿ ಹಾಕುತ್ತಾರೆ, ಎಣ್ಣೆ ಹಾಕಿಸಿ ಬೀರುವಿನಲ್ಲಿಟ್ಟರೆ ಸೆಪ್ಟೆಂಬರಿನ ತನಕ ಅತ್ತ ತಲೆ ಹಾಕುವುದಿಲ್ಲ, ಇವನು ಈಗ ತಂದ, ಅದೂ ನಾಯಿಯನ್ನು ಕೊಟ್ಟುಬಿಟ್ಟ ಮೇಲೆ, ಬ್ರೀನಾಳನ್ನು, ಅವನ ಊಟದ ತಟ್ಟೆ ನೆಕ್ಕಿ ಬೆಳೆದದ್ದನ್ನು, ಮೇಲಿನ ಊರಿನ ಯಾರಿಗೋ, ಹಗ್ಗದ ಸಮೇತ — ಈ ಕಣಿವೆಯಲ್ಲಿ ಹೆಂಡತಿಯನ್ನು ಬಿಟ್ಟವರುಂಟು, ಬೇಟೆನಾಯಿಯನ್ನು ಕೊಟ್ಟವರಿಲ್ಲ, ಯಾಕಣ್ಣಾ ಕೊಟ್ಟೆ ಎಂದರೆ ಬೆಟ್ಟ ಹತ್ತೋಕೆ ಆಗಲ್ಲ ಕಣೇ, ಅದಾದ್ರೂ ಓಡಾಡ್ಕೊಂಡಿರ್ಲಿ, ಸರಿ, ಬೆಟ್ಟ ಹತ್ತಲಾರದವನಿಗೆ ಕೋವಿ ಯಾತಕ್ಕೆ. ಅತ್ತಿಗೆ ಲೊರೆದಾನಾ ತೀರಿಹೋದದ್ದು ನವೆಂಬರಿನ ಸಂತರ ಹಬ್ಬದ ಆಸುಪಾಸು, ಆಮೇಲೆ ಅವನು ಉಳಿದ ಕೋವಿಗಳನ್ನೆಲ್ಲ ಒಂದೊಂದಾಗಿ ಮಾರಿದ, ಅಪ್ಪ ಮಾಡಿದ ಈ ಜೋಡುನಳಿಗೆ ಒಂದನ್ನೇ ಇಟ್ಟುಕೊಂಡ, ಭಾನುವಾರ ಊಟಕ್ಕೆ ಕರೆದರೆ ಬಂದ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಉಂಡು ಚೆನ್ನಾಗಿದೆ ಎಂದ, ಚೆನ್ನಾಗಿರಲಿಲ್ಲ, ತಳ ಹತ್ತಿತ್ತು. ಠಾಣೆಗೆ ಹೋಗಿ ಹೇಳಬಹುದಿತ್ತು, ಏನೆಂದು, ಕೋವಿ ಮಾಡಿಯೇ ಉಣ್ಣುವ ಊರಿನಲ್ಲಿ ನಮ್ಮಣ್ಣ ಕೋವಿ ಒರೆಸು ಅಂತಾನೆ ಎಂದೇ, ಪಾದ್ರಿಗೆ ಹೇಳಿದಳು, ಪ್ರಾರ್ಥನೆ ಮಾಡು ಎಂದರು, ಕೊನೆಗೆ ಅವನನ್ನೇ ಕೇಳಿದಳು, ಅಣ್ಣಾ, ಏನಾದ್ರೂ ಮಾಡ್ಕೊಳ್ತೀಯಾ, ನಕ್ಕ, ಕೋವಿ ಒರೆಸು ಅಂದ್ರೆ ನನ್ನ ತಲೆ ತಿಂತೀಯಲ್ಲೇ ಹುಚ್ಚಿ, ನಕ್ಕದ್ದು ಬಾಯಿ, ಕಣ್ಣಲ್ಲ, ಆ ಕಣ್ಣು — ಚಿಕ್ಕಂದಿನಲ್ಲಿ ಅಪ್ಪನ ಬೆಂಚಿನ ಕೆಳಗೆ ಇಬ್ಬರೂ ಬೋರಲು ಮಲಗಿದ್ದಾರೆ, ನಡುವೆ ಬರಿಯ ನಳಿಗೆಯೊಂದು, ಈ ತುದಿಗೆ ಇವಳ ಕಣ್ಣು, ಆ ತುದಿಯ ಬೆಳಕಿನ ಬಿಲ್ಲೆಯಲ್ಲಿ ಅವನದು, ಮೊದಲು ರೆಪ್ಪೆ ಬಡಿದವರು ಸೋತಂತೆ, ಅವನೇ ಬಡಿಯುತ್ತಾನೆ, ಬೇಕೆಂದೇ ಬಡಿಯುತ್ತಾನೆ, ತಂಗಿ ಗೆಲ್ಲಲಿ ಎಂದು. ಅದೇ ಕಣ್ಣಿನಿಂದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ನಳಿಗೆ ನೇರ ಮಾಡಿದ, ಕಿಟಕಿಗೆ ಹಿಡಿದು ಒಳಗಿನ ನೆರಳಿನ ಗೆರೆ ನೋಡಿ ಕೂದಲಷ್ಟು ಡೊಂಕಿದ್ದರೂ ಹೇಳುತ್ತಿದ್ದ, ಹಾಗಾಗಿ ಇವಳಿಗೆ ಈ ಉಪಾಯ ಹೊಳೆಯಿತು, ಎಳೆ ಬಿಡುವ ಕಡ್ಡಿ ಹಾಕಿದಳು, ಬಂದವನು ನೋಡಿ ರೇಗಿದ, ಇದೇನೇ ಇದು, ನಳಿಗೆ ಒಳಗೆ ಹತ್ತಿ ಬೆಳೀತಿದ್ದೀಯಾ, ಅಪ್ಪನ ಹೆಸರು ಕೆಡಿಸ್ಬೇಡ, ಮತ್ತೆ ಒರೆಸು, ಎಂದು ಬಿಟ್ಟುಹೋದ, ಇವಳಿಗೆ ಹಬ್ಬ, ಮತ್ತೊಮ್ಮೆ ಬಂದ, ಮತ್ತೆ ಎಳೆ, ಮತ್ತೆ ಬೈದ, ಬೈಯುವವನು ಬದುಕಿರುತ್ತಾನೆ, ಹತ್ತಿ ಸಹಿಸದವನಿಗೆ ಇನ್ನೂ ಏನೋ ಬೇಕಾಗಿದೆ ಎಂದಾಯಿತು, ಹೀಗೆಯೇ ಸೆಪ್ಟೆಂಬರಿನ ತನಕ ಎಳೆದರೆ ಗಾಳಿ ತಿರುಗಬಹುದು, ನಾಯಿಯನ್ನು ವಾಪಸು ತಂದುಕೊಳ್ಳಬಹುದು. ಅಷ್ಟೇ ಅವಳ ಲೆಕ್ಕಾಚಾರ.

ಬಾಗಿಲ ಗಂಟೆ, ಅವನೇ, ಗಡ್ಡ ಬೋಳಿಸಿಕೊಂಡಿದ್ದಾನೆ, ಮದುವೆ ಮನೆಗಳಿಗೆ ಹಾಕುವ ಕೋಟು, ಯಾಕೆ ಕೋಟು — ಬನ್ನಿ ಫೌಸ್ತಿನೋ, ನೀವಾದ್ರೂ ಹೇಳಿ ನಿಮ್ಮ ತಂಗಿಗೆ, ಇಂಥಾ ಕಡ್ಡಿ ಇಟ್ಕೊಂಡು ಕಿವಿ ಕಡ್ಡೀಲಿ ಒರೆಸ್ತಿದಾರೆ, ಜುಬಾನಿಯ ಬಾಯಿಗೆ ಬೀಗ ಹಾಕಬೇಕು, ತಗೋತೀನಿ ಮಾರಾಯ, ಎಲ್ಲಾ ತಗೋತೀನಿ, ಇಟ್ಟು ಹೋಗು, ಅವನು ಹೋಗುವುದಿಲ್ಲ, ಅಣ್ಣ ಬೆಂಚಿನ ಮೇಲಿಂದ ನಳಿಗೆಗಳನ್ನು ಎತ್ತಿಕೊಂಡ, ಹಿಡಿ ಇನ್ನೂ ಬೇರೆಯೇ ಬಿದ್ದಿದೆ, ಕಿಟಕಿಯ ಕಡೆ ಹಿಡಿದು ಕಣ್ಣಿಟ್ಟ, ಈಗ ಬೈಯುತ್ತಾನೆ, ಈ ಸಲ ಎಳೆ ಒಂದಲ್ಲ, ಮುದ್ದೆ ಮುದ್ದೆ ಇದೆ, ಕುರುಡನಿಗೂ ಕಾಣುತ್ತದೆ, ಬೈ ಅಣ್ಣಾ, ಅಪ್ಪನ ಹೆಸರು ಕೆಡಿಸಿದೆ ಅನ್ನು, ಅವನು ಚೆನ್ನಾಗಿದೆ, ಎಂದ. ಚೆನ್ನಾಗಿದೆ, ತಳ ಹತ್ತಿದ ಪೊಲೆಂತಕ್ಕೆ ಹೇಳಿದ ಅದೇ ದನಿ, ಹತ್ತಿ ಇದೆ ಅಣ್ಣಾ, ಸರಿಯಾಗ್ ನೋಡು, ಒಳಗೆಲ್ಲಾ ಹತ್ತಿ, ನಾಳೆ ಬಾ, ಈ ಹೊಸ ಕಡ್ಡೀಲಿ ಒರೆಸಿಡ್ತೀನಿ, ಜುಬಾನಿ ಕಿಸಕ್ಕನೆ ನಕ್ಕ, ತನ್ನ ಕೆಲಸ ಕೆಟ್ಟಿದೆ ಅಂತ ತಾನೇ ಕೂಗೋ ಅಂಗಡಿಯವಳನ್ನ ಇವತ್ತೇ ನೋಡಿದ್ದು, ಅಣ್ಣನೆಂದ, ಗೊತ್ತು ಕಣೇ, ಕಾಣಿಸ್ತಿದೆ, ಇರ್ಲಿ ಬಿಡು, ಇಷ್ಟು ಸಾಕು — ಇಷ್ಟು ಸಾಕಂತೆ, ಕಾಣಿಸುತ್ತಿದೆಯಂತೆ, ಅವಳು ಕಿಟಕಿಯ ಕಡೆಗೆ ಓಡಿದಳೋ ನಡೆದಳೋ, ಬಗ್ಗಿ ಆ ತುದಿಗೆ ಮುಖ ತಂದಳು, ಅವನು ಇನ್ನೂ ನಳಿಗೆ ಇಳಿಸಿಲ್ಲ, ಒಳಗೆ ಬೆಳಕಿನ ಬಿಲ್ಲೆ, ಬಿಲ್ಲೆಗೆ ಅಡ್ಡವಾಗಿ ಹತ್ತಿಯ ಎಳೆ, ಎಳೆಯ ಹಿಂದೆ ಕಣ್ಣು, ರೆಪ್ಪೆ ಬಡಿ ಅಣ್ಣಾ, ನಾನು ಬಡಿದೆ, ನೋಡು, ನಾನೇ ಸೋತೆ, ಈಗ ನೀನು, ಒಂದು ಸಲ, ಕಣ್ಣು ತೆರೆದೇ ಇದೆ, ಇವಳನ್ನು ನೋಡುತ್ತಿಲ್ಲ, ಎಳೆಯನ್ನೂ ನೋಡುತ್ತಿಲ್ಲ, ಬೆಳಕಿನ ಬಿಲ್ಲೆ, ಹತ್ತಿಯ ಎಳೆ, ಕಣ್ಣು, ಬಿಲ್ಲೆಯಲ್ಲಿ ಕಣ್ಣು, ಕಣ್ಣು —