ಬೇಡವೆಂದ ಸಾಲು

ಮೈಕು ಒಮ್ಮೆ ಕುಂಯ್ ಎಂದಿತು, ಹಿಂದೆ ಯಾರೋ ನಕ್ಕರು, ನನಗೇ ಇರಬೇಕು, ನಗಲಿ, ಮೊದಲಾಗಿದ್ದರೆ ಇಷ್ಟಕ್ಕೇ ವೇದಿಕೆಯಿಂದ ಕೆಳಗಿಳಿದುಬಿಡುತ್ತಿದ್ದೆ, ಈಗ ಇಲ್ಲ, ಭಾವ ಪಳಗಿಸಿದ್ದಾನೆ — ಅಕ್ಕನ ಗಂಡ, ಹರಾಜು ಕೂಗುವವನು, ಮುರುಕು ಕುರ್ಚಿಗೂ ಜನ ಪೈಪೋಟಿಗೆ ಬೀಳುವಂತೆ ಮಾಡುವ ಗಂಟಲು — ದಿನಾ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ, ಉಸಿರು ಹೊಟ್ಟೆಯಿಂದ ತಗೋಮ್ಮ, ನನ್ನ ನಾದಿನಿ ಬಾಯಿ ಬಿಟ್ರೆ ಗೋಡೆನೂ ಕಿವಿ ಕೊಡಬೇಕು, ಅಕ್ಕನ ಬೆರಳು ಅಂತ ಹೇಳಿ ಸ್ವಲ್ಪ ನಿಲ್ಲು, ಜನ ತಾವಾಗೇ ನಿನ್ನ ಹತ್ರ ಬರ್ತಾರೆ, ಎನ್ನುತ್ತಿದ್ದ. ನಿಲ್ಲುತ್ತಿದ್ದೇನೆ. ಬರುತ್ತಿದ್ದಾರೆ. ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ನನಗೇ ಅನುಮಾನ, ಇದು ನನ್ನ ಸಂಕಟವೋ ಅವನ ವಿದ್ಯೆಯೋ, ಅಕ್ಕ ಕಳೆದುಕೊಂಡ ಮೂರು ಬೆರಳನ್ನು ಹರಾಜಿಗೆ ಇಟ್ಟಿದ್ದೇನೋ — ಲಾಂಡ್ರಿ ಮಾಲೀಕ ಕೂಡ ತಲೆದೂಗುತ್ತಿದ್ದಾನೆ, ಅವನೇಕೆ ತಲೆದೂಗಬೇಕು, ಅವನ ಇಸ್ತ್ರಿ ಯಂತ್ರ ತಾನೇ ಅಕ್ಕನ ಕೈ ಎಳೆದುಕೊಂಡದ್ದು, ನಾಳೆಯಿಂದ ಅದನ್ನು ಮುಟ್ಟುವುದಿಲ್ಲ ಎನ್ನುವವರು ಕೈಯೆತ್ತಲಿ ಎಂದು ತಾನೇ ಈ ಸಭೆ. ಮುಂದೇನು ಬರುತ್ತದೆಂದು ಗೊತ್ತಿರುವವನ ಹಾಗೆ ತಲೆದೂಗುತ್ತಿದ್ದಾನೆ.

ಅವನಿಗೆ ಗೊತ್ತಿದೆಯೇ? ನನ್ನ ಭಾಷಣದಲ್ಲಿ ಭಾವ ತೆಗೆಸಿದ್ದು ಒಂದೇ ಒಂದು ಸಾಲು — ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಕಂಬಿಯನ್ನು ಮಾಲೀಕನೇ ನಿಂತು ಬಿಚ್ಚಿಸಿದ, ಕೆಲಸ ಬೇಗ ಸಾಗಲೆಂದು, ನಾನು ಕಣ್ಣಾರೆ ಕಂಡೆ. ಅದು ಬೇಡ, ಮಾತು ಉದ್ದ ಆಗತ್ತೆ, ಎಂದಿದ್ದ. ಮರುದಿನ ಮತ್ತೆ ಸೇರಿಸಿದಾಗ, ಬೇಡ ಅಂದೆನಲ್ಲ, ಎಂದ, ಆಗಿನ ಧ್ವನಿ ಹರಾಜಿನದಲ್ಲ, ತೀರಾ ತಗ್ಗಿತ್ತು. ಆಮೇಲೆ ಲಾಂಡ್ರಿಯ ಹಳೆ ಯಂತ್ರಗಳ ಹರಾಜು ಕೂಗುವ ಕೆಲಸ ಇವನಿಗೇ ಸಿಕ್ಕಿತು, ಅಕ್ಕ ಖುಷಿಪಟ್ಟು ಎಡಗೈಯಲ್ಲೇ ಚಹಾ ಮಾಡಿಕೊಟ್ಟಳು, ನಾನೂ ಕುಡಿದೆ — ಈಗ ನಿಲ್ಲಬೇಕಾದ ಜಾಗ ಬಂದಿದೆ, ಮೊದಲ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತ ಭಾವ ಕಣ್ಣಲ್ಲೇ ಹೇಳುತ್ತಿದ್ದಾನೆ, ನಿಲ್ಲು, ಮುಗಿಸು — ನಾನು ನಿಲ್ಲುವುದಿಲ್ಲ. ಕಂಬಿ ತೆಗೆಸಿದ್ದು ಮಾಲೀಕರು, ನಾನು ಅಲ್ಲೇ ಇದ್ದೆ, ಎನ್ನುತ್ತೇನೆ, ಏರಿಳಿತವಿಲ್ಲ, ಬಿಡುವಿಲ್ಲ, ಉಸಿರು ಎಲ್ಲಿಂದ ಬಂತೋ, ಆದರೆ ಕೊನೆಯ ಸಾಲಿಗೂ ಕೇಳಿಸಿದೆ, ನೀರು ಕುಡಿಯುತ್ತಿದ್ದವನ ಲೋಟ ತುಟಿಯಲ್ಲೇ ನಿಂತಿದೆ, ಇದು ಯಾರೂ ಕಲಿಸಿದ್ದಲ್ಲವೆಂದು ಇವರಿಗೆ ಹೇಗೆ ತಿಳಿಯಿತು, ಒಂದು ಕೈ ಮೇಲೆದ್ದಿತು, ಇನ್ನೊಂದು, ಮಡಿಸುವ ಹೆಂಗಸರೆಲ್ಲ, ಮಾಲೀಕನ ತಲೆ ಅಲ್ಲಾಡುತ್ತಿಲ್ಲ — ಅಕ್ಕ ಮಾತ್ರ ಕೈ ಎತ್ತಿಲ್ಲ, ಭಾವ ಬೇಡ ಎಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಳಲ್ಲ, ಒಲೆಯ ಮುಂದೆ ನಿಂತು, ಎರಡೂ ಸಲ — ನನ್ನ ಕಡೆ ನೋಡುತ್ತಲೂ ಇಲ್ಲ, ಪಕ್ಕಕ್ಕೆ ತಿರುಗಿ ಗಂಡನ ಮುಖ ನೋಡುತ್ತಿದ್ದಾಳೆ, ಅವನು ನೆಲ ನೋಡುತ್ತಿದ್ದಾನೆ, ಅವಳು ಅವನನ್ನು ನೋಡುತ್ತಿದ್ದಾಳೆ, ನೋಡುತ್ತಲೇ ಇದ್ದಾಳೆ.