ಸೇತುವೆಯ ಸಂದುಗಳು

ಮಗಳಿಗೆ ಐದು ತುಂಬಿದ ವರ್ಷ ಅವಳಿಗೊಂದು ಮಾತು ಕೊಟ್ಟಿದ್ದೆ. ಹೊಳೆಯ ಹೊಸ ಸೇತುವೆಯ ಮೇಲೆ ನಮ್ಮ ಬಸ್ಸು ಸಿಕ್ಕಿಕೊಂಡು ನಿಂತಿತ್ತು. ಪಕ್ಕದ ಹಳೆಯ ಕಲ್ಲುಸೇತುವೆಯ ಕಮಾನಿಗೆ ಕುಡುಗೋಲಿನಂಥ ರೆಕ್ಕೆಯ ಕಪ್ಪು ಬಾನಾಡಿ ಹಕ್ಕಿಗಳು ಬಾಣದಂತೆ ಬಂದು, ಕಲ್ಲಿಗೆ ಬಡಿದೇ ಬಿಟ್ಟವು ಅನ್ನುವಷ್ಟರಲ್ಲಿ ಮಾಯವಾಗುತ್ತಿದ್ದವು.

"ಅಪ್ಪಾ, ಅವು ಎಲ್ಲಿಗೆ ಹೋದ್ವು?"

"ಅವುಗಳ ಮನೆಗೆ."

"ಬಾಗಿಲೇ ಇಲ್ವಲ್ಲ?"

"ಒಂದು ಸಂಜೆ ಕೆಳಗಿಳಿದು, ಹತ್ತಿರ ನಿಂತು, ಅವು ಒಳಗೆ ಹೋಗೋದನ್ನ ನೋಡೋಣ. ಮಾತು ಕೊಡ್ತೀನಿ."

ನಾನು ಪುರಸಭೆಯಲ್ಲಿ ಇಂಜಿನಿಯರು. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಅವಳು ಬಂದರೆ ನಾನು ಹೊರಡುವುದು, ನಾನು ಬಂದರೆ ಅವಳು ಹೊರಡುವುದು, ಮಾತುಕತೆಯೆಲ್ಲ ಹೊಸ್ತಿಲಲ್ಲೇ. ಇದರ ನಡುವೆ ಮಗಳು ಹಕ್ಕಿಗಳ ವಿಷಯ ಎತ್ತಿದಾಗಲೆಲ್ಲ "ಮುಂದಿನ ವಾರ" ಅನ್ನುತ್ತಿದ್ದೆ. ಬಿಡದೆ ಕೇಳುತ್ತಿದ್ದುದಕ್ಕೆ ಮನೆಯಲ್ಲಿ ಅವಳಿಗೆ 'ತಗಾದೆ' ಅಂತಲೇ ಹೆಸರು ಬಿತ್ತು. ಯಾವಾಗಲೋ ಅವಳು ಕೇಳುವುದನ್ನು ನಿಲ್ಲಿಸಿದಳು. ಹೆಸರು ಮಾತ್ರ ಉಳಿಯಿತು.

ಈ ವರ್ಷ ಹಳೆಯ ಸೇತುವೆಯ ದುರಸ್ತಿ ನನ್ನ ಪಾಲಿಗೆ ಬಂತು. ಸೇತುವೆಯ ತಲೆಯಲ್ಲಿ ಒಂದೇ ಕಂಬಕ್ಕೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಫಲಕಗಳಿವೆ. ಈ ಕಡೆಯದು ನಮ್ಮ ವಿಭಾಗದ್ದು: 'ಪಟ್ಟಣದ ಹೆಮ್ಮೆ, ಕಲ್ಲುಸೇತುವೆ.' ಆ ಕಡೆಯದು ಉದ್ಯಾನ ವಿಭಾಗದ್ದು: 'ಪಟ್ಟಣದ ಹೆಮ್ಮೆ, ಬಾನಾಡಿ ಹಕ್ಕಿಗಳು.' ಎರಡನ್ನೂ ಓದಬೇಕೆಂದರೆ ಕಂಬಕ್ಕೆ ಸುತ್ತು ಬರಬೇಕು. ಆಫೀಸಿನಲ್ಲಿ ಹಾಗೆ ಸುತ್ತು ಬಂದವರು ಯಾರೂ ಇರಲಿಲ್ಲ.

ಕೆಲಸವೇನೋ ಕಣ್ಣಿಗೆ ಒತ್ತಿಕೊಳ್ಳುವಂತೆ ಆಯಿತು. ನಮ್ಮ ಮೇಸ್ತ್ರಿ ಸಿಮೆಂಟು ಮುಟ್ಟದೆ, ಹಳೇ ಕಾಲದ ಹಾಗೆಯೇ ಸುಣ್ಣದ ಗಾರೆ ಅರೆಸಿ, ಕಲ್ಲುಗಳ ನಡುವಿನ ಒಂದೊಂದು ಸಂದನ್ನೂ ತುಂಬಿ ಒರೆಸಿದ. ಹತ್ತಿ ನಿಲ್ಲಲು ಕಟ್ಟಿದ್ದ ಬಿದಿರಿನ ಸಾರುವೆ ಇಳಿಸುವುದಷ್ಟೇ ಬಾಕಿ. ಮುಂದಿನ ವಾರ ಮೇಲಿನವರ ತಪಾಸಣೆ, ಅದರ ಬೆನ್ನಿಗೇ ಉದ್ಘಾಟನೆ.

ಒಂದು ಸಂಜೆ ನಾನು ಊಟದ ಡಬ್ಬಿಗಳನ್ನು ತೊಳೆಯುತ್ತಿದ್ದಾಗ ಮಗಳು ಶಾಲೆಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಚೀಲ ಇನ್ನೂ ಬೆನ್ನ ಮೇಲೇ ಇತ್ತು.

"ಹಕ್ಕಿಗಳು ವಾಪಸ್ ಬಂದಿವೆ. ನಿನ್ನ ಸೇತುವೆ ಅವನ್ನ ಒಳಗೆ ಬಿಟ್ಕೊಳ್ತಿಲ್ಲ."

ಕೈಯಲ್ಲಿದ್ದ ಡಬ್ಬಿ ನೊರೆಯಲ್ಲೇ ಉಳಿಯಿತು. ಬಾಗಿಲನ್ನೇ ಮುಚ್ಚಿಸಿಬಿಟ್ಟಿದ್ದೆ. ಇನ್ನು ಅವಳಿಗೆ ತೋರಿಸುವುದಾದರೂ ಏನನ್ನು?

ಮರುದಿನ ಬೆಳಿಗ್ಗೆ ಕಮಾನಿನ ಕೆಳಗೆ ಮೂವರು ಸೇರಿದೆವು: ನಾನು, ಮೇಸ್ತ್ರಿ, ಮತ್ತು ಎಲ್ಲರೂ ತೋಟದಮ್ಮ ಅಂತ ಕರೆಯುವ ಉದ್ಯಾನ ವಿಭಾಗದ ಮೇಡಂ.

"ನಿಮ್ಮ ಸೇತುವೆ ಪರಂಪರೆ ಅಂತೀರಿ. ನನ್ನ ಹಕ್ಕಿಗಳೇನು ಬಾಡಿಗೆಗೆ ಬಂದಿದ್ವಾ?" ತೋಟದಮ್ಮ ಬಂದವರೇ ಶುರುಮಾಡಿದರು.

"ಕೆಲಸಕ್ಕೆ ಮುಂಚೆ ನಿಮ್ಮ ವಿಭಾಗಕ್ಕೆ ಕಾಗದ ಕಳಿಸಿದ್ದೆ ಮೇಡಂ. 'ಸೇತುವೆ ನಮಗೆ ಸೇರಿದ್ದಲ್ಲ' ಅಂತ ವಾಪಸ್ ಬಂತು."

"ಮತ್ತೆ? ಅದರಲ್ಲಿ ಹಕ್ಕಿ ಅಂತ ಎಲ್ಲಿ ಬರೆದಿದ್ರಿ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಮ್ಮಲ್ಲಿ ಎತ್ತಿಗೂ ಕೋಣಕ್ಕೂ ಪರಿಚಯವೇ ಇರಲಿಲ್ಲ.

ಮೇಸ್ತ್ರಿ ಕೈಕಟ್ಟಿ ನಿಂತಿದ್ದ. "ಸೂಜಿ ತೂರಿಸೋಕೂ ಜಾಗ ಇಲ್ಲ ಅಂತ ನೀವೇ ಬೆನ್ನು ತಟ್ಟಿದ್ರಿ ಸರ್."

"ಹೌದಪ್ಪ."

"ಈಗ ಹಕ್ಕಿ ತೂರೋಷ್ಟು ಬೇಕಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನೀವು ದೊಣ್ಣೆನೂ ಕುಂಬಾರನ ಕೈಗೇ ಕೊಡ್ತಿದೀರಲ್ಲ!"

"ಗಾರೆ ಗಟ್ಟಿಯಾಗಿಬಿಟ್ಟಿದೆಯಾ?"

ಅವನು ಉಗುರಿನಿಂದ ಒಂದು ಸಂದನ್ನು ಕೆರೆದು ನೋಡಿದ. "ಸುಣ್ಣ ಅಲ್ವಾ, ಇನ್ನೂ ಹಸಿ ಇದೆ. ಸಿಮೆಂಟಾಗಿದ್ರೆ ಕತೆ ಮುಗೀತಿತ್ತು. ಆದ್ರೆ ಎಲ್ಲಾ ಕೆದಕಿದ್ರೆ ಕಮಾನು ನಿಲ್ಲಲ್ಲ. ಯಾವ್ಯಾವ ಸಂದು ಅಂತ ತೋರಿಸಿ, ಅಷ್ಟನ್ನೇ ಬಿಡಿಸ್ತೀನಿ."

ನಾನು ತೋಟದಮ್ಮನ ಮುಖ ನೋಡಿದೆ. ಅವರು ಹೊಳೆಯ ಕಡೆ ನೋಡಿದರು. "ಎಷ್ಟು ಹಕ್ಕಿ ಅಂತ ಕೇಳಿ, ಹೇಳ್ತೀನಿ. ಎಲ್ಲಿ ನುಗ್ತಾವೆ ಅಂತ ಯಾರು ನಿಂತು ನೋಡಿದಾರೆ?"

ಹಾಗಾದರೆ ಹಕ್ಕಿಗಳೇ ತೋರಿಸಬೇಕು. ಅಲ್ಲಿಂದಲೇ ಮುಖ್ಯಾಧಿಕಾರಿಗೆ ಫೋನು ಮಾಡಿ, ತಪಾಸಣೆಯನ್ನೂ ಉದ್ಘಾಟನೆಯನ್ನೂ ಮುಂದೂಡಬೇಕೆಂದೆ.

"ಕಾರಣ ಹಕ್ಕಿ ಅಂತ ಬರೆದುಕೊಡ್ತೀರಾ?"

"ಕೊಡ್ತೀನಿ ಸರ್."

"ನಿಮ್ಮ ಹೆಸರಲ್ಲೇ ಬರೀರಿ. ನನ್ನನ್ನ ಎಳೀಬೇಡಿ."

ಸಂಜೆ ಮಗಳನ್ನು ಕರೆದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಬೇಡಪ್ಪ, ಅರ್ಧ ದಾರಿಯಲ್ಲಿ ನಿನಗೆ ಫೋನ್ ಬರುತ್ತೆ. ಕೆಲಸ ಇರುತ್ತೆ."

"ಇವತ್ತು ಇದೇ ಕೆಲಸ. ಏಳು."

ಹೊಳೆಯ ದಂಡೆಯಲ್ಲಿ ಮೇಸ್ತ್ರಿ, ತೋಟದಮ್ಮ ಆಗಲೇ ಕೂತಿದ್ದರು. ಕಮಾನಿನ ದೊಡ್ಡ ಫೋಟೊವೊಂದನ್ನು ಮಗಳ ಕೈಗೆ ಕೊಟ್ಟು, ಹಕ್ಕಿ ಬಡಿದ ಕಡೆ ಗುರುತು ಹಾಕು ಅಂದೆ. ಹಕ್ಕಿಗಳು ಕಿರುಚುತ್ತ ಬಂದವು. ಕಲ್ಲಿಗೆ ಅಪ್ಪಳಿಸಿ, ಉಗುರೂರಿ ಅರೆಕ್ಷಣ ನೇತಾಡಿ, ಜಾರಿ, ಮತ್ತೆ ಸುತ್ತು ಹೊಡೆದು ಅದೇ ಜಾಗಕ್ಕೆ ಬಂದವು.

"ಅಲ್ಲಿ! ಆ ಆನೆ ಥರ ಇರೋ ಕಲ್ಲಿನ ಪಕ್ಕ," ಅಂದಳು ಮಗಳು.

"ಯಾವ ಆನೆ ತಾಯಿ? ಅಷ್ಟೂ ಕಲ್ಲು ನಾನು ಒರೆಸಿದೀನಿ, ಒಂದು ಆನೆನೂ ಕಾಣಲಿಲ್ಲ."

"ಸೊಂಡಿಲು ನೋಡಿ ಅಂಕಲ್, ಎಡಕ್ಕೆ!"

"ಓ... ಹೌದಲ್ಲ," ಅಂತ ನಕ್ಕ ಮೇಸ್ತ್ರಿ. ಅಷ್ಟರಲ್ಲಿ ಒಂದು ಹಕ್ಕಿ ಟಪ್ಪನೆ ಬಡಿದು, ನೀರಿಗೆ ಬಿದ್ದೇ ಹೋಯಿತು ಅನ್ನುವಷ್ಟು ಕೆಳಗೆ ಜಾರಿ, ಹೇಗೋ ಮೇಲೆದ್ದಿತು. ಮೇಸ್ತ್ರಿಯ ನಗು ನಿಂತಿತು. "ಥೂ, ಕಣ್ಣಮುಂದೆ ಹಿಂಗೆ ಬಡ್ಕೊಂಡ್ರೆ ಹೆಂಗೆ ನೋಡೋದು? ಬೆಳಗಾಗ್ಲಿ, ಉಳಿ ಹಿಡಿತೀನಿ."

ಮರುದಿನ ಸಾರುವೆ ಹತ್ತಿ, ಗುರುತು ಬಿದ್ದ ಸಂದುಗಳನ್ನಷ್ಟೇ ಬಿಡಿಸಿದ. ಬಿಡಿಸಿದ್ದಕ್ಕೂ ಅಂಚು ಕಟ್ಟಿ ನಯಮಾಡಿದ. "ಹಕ್ಕಿಗೆ ಫಿನಿಶಿಂಗ್ ಬೇಕಾ?" ಅಂತ ತೋಟದಮ್ಮ ಕೆಣಕಿದರೆ, "ನನಗೆ ಬೇಕು" ಅಂದ. ಮಧ್ಯಾಹ್ನದೊಳಗೆ ಸಾರುವೆಯನ್ನೂ ಇಳಿಸಿಬಿಟ್ಟ.

ಆ ಸಂಜೆ ನಾನು ಕರೆಯುವ ಮೊದಲೇ ಮಗಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಹಕ್ಕಿಗಳು ಬಂದವು. ಮೊದಮೊದಲು ಸುತ್ತು ಹೊಡೆದದ್ದೇ ಹೊಡೆದದ್ದು, ಕಲ್ಲಿಗೆ ಬಡಿದುಕೊಂಡ ನೆನಪಿರಬೇಕು. ನನ್ನ ಕಾಲು ಸೋತು ಬರುತ್ತಿತ್ತು. ಜೇಬಿನಲ್ಲಿ ಫೋನು ಎರಡು ಸಲ ನಡುಗಿ ಸುಮ್ಮನಾಯಿತು. ಆಗ ಗುಂಪಿನಿಂದ ಒಂದು ಬಿಡಿಯಾಗಿ, ನೇರ ಬಂದು, ರೆಕ್ಕೆ ಮಡಚಿ ಕಲ್ಲಿನೊಳಗೆ ಇಲ್ಲವಾಯಿತು. ಹಿಂದೆಯೇ ಇನ್ನೊಂದು. ಆಮೇಲೆ ಮತ್ತಷ್ಟು. ಎಲ್ಲವೂ ಹೋಗಲಿಲ್ಲ, ಕೆಲವು ಕತ್ತಲಾಗುವ ತನಕ ಮೇಲೇ ಸುತ್ತುತ್ತಿದ್ದವು.

"ನಾಳೆ ಉಳಿದವುಕ್ಕೂ ಗೊತ್ತಾಗುತ್ತೆ ಬಿಡು," ಅಂದಳು ಮಗಳು ನನ್ನ ತೋಳಿಗೆ ಒರಗಿ. "ಅಂತೂ ನಿನ್ನ ಮುಂದಿನ ವಾರ ಬಂತಲ್ಲಪ್ಪಾ."

ಕೊಟ್ಟ ಮಾತು ನಡೆಸಿದೆ, ಏಳು ವರ್ಷ ತಡವಾಗಿ.